ಜವಾಬು ಕೇಳುವ ಹೊತ್ತು



ನಮ್ಮ ನುಡಿಯಲ್ಲಿ ‘ಜವಾಬ್ದಾರಿ’ ಎಂಬ ಒಂದು ಮಾತುಂಟು. ಅರಬ್ಬಿ ಪಾರಸಿಗಳ ಕಡೆಯಿಂದ ಬಂದು, ಕಚೇರಿಯ ಹೊಸ್ತಿಲನ್ನು ದಾಟಿ, ಅಡುಗೆಯ ಮನೆಯವರೆಗೂ ನಡೆದುಬಂದಿರುವ ಮಾತು ಅದು. ಮಗನಿಗೆ ಇನ್ನೂ ಜವಾಬ್ದಾರಿ ಬರಲಿಲ್ಲವೆಂದು ತಂದೆ ಕೊರಗುವುದುಂಟು. ತಂಗಿಯ ಮದುವೆಯ ಜವಾಬ್ದಾರಿ ತನ್ನ ಮೇಲೆ ಬಿತ್ತೆಂದು ಹಿರಿಯಣ್ಣ ಹೇಳಿಕೊಳ್ಳುವುದುಂಟು. ಈ ಮಾತನ್ನು ಕೇಳಿದಾಗ ಹೊರಬೇಕಾದ ಒಂದು ಭಾರವು ನಮ್ಮ ಮನಸ್ಸಿಗೆ ಬರುತ್ತದೆಯೇ ಹೊರತು, ಅದರೊಳಗೆ ಅಡಗಿರುವ ‘ಜವಾಬು’ ಎಂಬುದು ಕಿವಿಗೆ ಬೀಳುವುದಿಲ್ಲ. ಕೇಳಿದವರಿಗೆ ಉತ್ತರ ಕೊಡಬೇಕಾದವನು ಯಾವನೋ ಅವನೇ ಜವಾಬ್ದಾರ. ೧೯೪೭ರಲ್ಲಿ ಮೈಸೂರು ಸಂಸ್ಥಾನದ ಊರೂರುಗಳಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂಬ ಕೂಗು ಎದ್ದಿತು. ಆಗ ಜನ ಬಯಸಿದ್ದು, ಪ್ರಶ್ನೆ ಹಾಕಿದರೆ ಉತ್ತರ ಹೇಳುವ ಸರ್ಕಾರ; ಉತ್ತರವು ಜನಪ್ರತಿನಿಧಿಗಳಿಗೆ ಒಪ್ಪಿಗೆಯಾಗದಿದ್ದರೆ ಸ್ಥಾನವನ್ನು ಬಿಟ್ಟು ಇಳಿಯುವ ಸರ್ಕಾರ.

ಆ ಜವಾಬು ನಿಜವಾಗಿ ಎಲ್ಲಿ, ಯಾವ ಹೊತ್ತಿನಲ್ಲಿ, ಯಾವ ಕ್ರಮದಿಂದ ಕೊಡಲ್ಪಡುತ್ತದೆ ಎಂಬುದೇ ಈ ಹೊತ್ತಿನ ನಮ್ಮ ವಿಷಯ. ಡೆಲ್ಲಿಯ ಲೋಕಸಭೆಯಲ್ಲಿ ಒಂದು ದಿನ ಹೇಗೆ ಕಳೆಯುತ್ತದೆಂಬುದನ್ನು ಮೊದಲು ನೋಡೋಣ. ಬಳಿಕ, ಒಂದು ಸಣ್ಣ ಪ್ರಶ್ನೆಯಿಂದ ಹುಟ್ಟಿ ದೊಡ್ಡ ಚರ್ಚೆಯಾಗಿ ಬೆಳೆದ ಒಂದು ಪ್ರಸಂಗವನ್ನು ನೆನೆಯೋಣ.

ಸಭೆ ಸೇರುವುದು ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದು ಗಂಟೆಗೆ. ಸಭಾಧ್ಯಕ್ಷರು ಬರುತ್ತಿರುವರೆಂದು ಮಾರ್ಷಲರು ಸಾರಿದೊಡನೆ ಸದಸ್ಯರೆಲ್ಲರೂ ಎದ್ದು ನಿಲ್ಲುತ್ತಾರೆ. ಆಸನಗಳು ಕುದುರೆಯ ಲಾಳದಂತೆ ಬಾಗಿ ಹೊಂದಿಕೊಂಡಿವೆ. ಅಧ್ಯಕ್ಷಪೀಠದ ಬಲಗಡೆ ಸರ್ಕಾರದ ಪಕ್ಷ, ಎಡಗಡೆ ವಿರೋಧಪಕ್ಷ. ನಡುವಣ ಮೇಜಿನ ಬಳಿ ಆಡಿದ ಮಾತೊಂದನ್ನೂ ಬಿಡದೆ ಬರೆದುಕೊಳ್ಳುವ ವರದಿಗಾರರು. ೧೯೨೭ರಲ್ಲಿ ಪ್ರಾರಂಭವಾದ ಆ ಪ್ರಸಿದ್ಧವಾದ ದುಂಡನೆಯ ಕಟ್ಟಡವನ್ನು ಬಿಟ್ಟು ೨೦೨೩ರ ಸೆಪ್ಟೆಂಬರಿನಿಂದ ಸಭೆಯು ಹೊಸ ಭವನದಲ್ಲಿ ಸೇರುತ್ತಿದೆ. ಕಟ್ಟಡ ಬದಲಾಯಿತು; ಮೊದಲ ಗಂಟೆಯ ಕಟ್ಟಳೆ ಬದಲಾಗಲಿಲ್ಲ. ಹನ್ನೊಂದರಿಂದ ಹನ್ನೆರಡರವರೆಗೆ ಪ್ರಶ್ನೆಗಳ ಕಾಲ.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಭೆಯಲ್ಲಿ ಬಾಯಿಮಾತಿನ ಉತ್ತರವನ್ನು ಬಯಸುವ ಸದಸ್ಯರ ಪ್ರಶ್ನೆಗೆ ಒಂದು ನಕ್ಷತ್ರದ ಗುರುತು ಹಾಕುತ್ತಾರೆ. ಬರವಣಿಗೆಯ ಉತ್ತರ ಸಾಕೆನ್ನುವ ಪ್ರಶ್ನೆಗೆ ಆ ಗುರುತಿಲ್ಲ. ದಿನವೊಂದಕ್ಕೆ ನಕ್ಷತ್ರದ ಪ್ರಶ್ನೆಗಳು ೨೦, ನಕ್ಷತ್ರವಿಲ್ಲದವು ೨೩೦. ಕೇಳಬೇಕೆನ್ನುವವರು ಕಡಮೆಯೆಂದರೆ ೧೫ ದಿನ ಮುಂಚಿತವಾಗಿ ತಿಳಿಸತಕ್ಕದ್ದು. ಒಬ್ಬ ಸದಸ್ಯರಿಗೆ ದಿನಕ್ಕೆ ಒಂದಕ್ಕಿಂತ ಹೆಚ್ಚು ನಕ್ಷತ್ರದ ಪ್ರಶ್ನೆಯಿಲ್ಲ. ಯಾರ ಪ್ರಶ್ನೆ ಮೊದಲು ಎಂಬುದು ಚೀಟಿ ಎತ್ತುವುದರಿಂದ ನಿರ್ಧಾರವಾಗುತ್ತದೆ. ಅಲ್ಲಿ ಪ್ರಭಾವಕ್ಕೆ ಎಡೆಯಿಲ್ಲ. ಒಂದೊಂದು ಇಲಾಖೆಗೂ ವಾರದಲ್ಲಿ ಗೊತ್ತಾದ ದಿನವಿರುವುದರಿಂದ, ತನ್ನ ಸರದಿ ಯಾವಾಗಲೆಂಬುದು ಮಂತ್ರಿಗೆ ಮೊದಲೇ ತಿಳಿದಿರುತ್ತದೆ.

ಪ್ರಶ್ನೆಯ ಶರೀರಕ್ಕೂ ಒಂದು ಶಾಸನವುಂಟು. ಅದರಲ್ಲಿ ವಾದವಿರಕೂಡದು, ಊಹೆಯಿರಕೂಡದು, ವ್ಯಂಗ್ಯವಿರಕೂಡದು, ಯಾರನ್ನೂ ಹಳಿಯುವ ವಿಶೇಷಣವಿರಕೂಡದು. ‘ಹೀಗಾದರೆ ಏನು ಮಾಡುವಿರಿ?’ ಎಂಬ ಕಲ್ಪನೆಯ ಪ್ರಶ್ನೆಗೂ ಸ್ಥಳವಿಲ್ಲ. ಎಲ್ಲವನ್ನೂ ಸೋಸಿ ತೆಗೆದ ಬಳಿಕ ಉಳಿಯುವುದು ಒಂದು ಒಣ ವಾಕ್ಯ: ಇಂಥದು ನಡೆದಿದೆಯೆ? ನಡೆದಿದ್ದರೆ ಅದರ ವಿವರಗಳೇನು? ಕ್ರಮವೇನಾದರೂ ಕೈಗೊಂಡಿರುವಿರಾ? ಮೊದಲ ಸಲ ಪ್ರೇಕ್ಷಕರ ಅಂಗಣದಲ್ಲಿ ಕುಳಿತವರಿಗೆ ಇದು ನೀರಸವಾಗಿ ಕಾಣಬಹುದು. ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆಯನ್ನಷ್ಟೇ ಹೇಳುತ್ತಾರೆ. ಮಂತ್ರಿಗಳು ಎದ್ದು ಉತ್ತರವನ್ನು ಸಭೆಯ ಮೇಜಿನ ಮೇಲೆ ಇರಿಸಿದೆಯೆನ್ನುತ್ತಾರೆ. ಇಷ್ಟಕ್ಕಾಗಿ ಇಷ್ಟು ದೂರ ಬಂದೆವೆ ಎಂದು ಪ್ರೇಕ್ಷಕರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ತಾಳ್ಮೆಯಿಂದ ಕಾದರೆ ಮುಂದಿನ ಕ್ಷಣದಲ್ಲಿಯೇ ಸಭೆಯ ಮುಖಭಾವ ಬೇರೆಯಾಗುವುದನ್ನು ಕಾಣಬಹುದು. ಪ್ರಶ್ನೆ ಕೇಳಿದವರಿಗೆ ಅದರ ಬೆನ್ನಹಿಂದೆಯೇ ಎರಡು ಉಪಪ್ರಶ್ನೆಗಳನ್ನು ಹಾಕುವ ಹಕ್ಕುಂಟು. ಅಧ್ಯಕ್ಷರು ಅನುಮತಿ ಕೊಟ್ಟರೆ ಇತರರೂ ಕೇಳಬಹುದು. ಮೊದಲ ಉತ್ತರವನ್ನು ಬರೆದುಕೊಟ್ಟವರು ಇಲಾಖೆಯ ಅಧಿಕಾರಿಗಳು. ಉಪಪ್ರಶ್ನೆಗೆ ಉತ್ತರ ಹೇಳಬೇಕಾದವರು ಮಂತ್ರಿಗಳು. ಅಧಿಕಾರಿಗಳು ತಮ್ಮ ಅಂಗಣದಲ್ಲಿ ಕಡತಗಳೊಡನೆ ಕುಳಿತಿರುತ್ತಾರೆ, ಚೀಟಿಯೊಂದನ್ನು ಕಳುಹಿಸಲೂಬಹುದು. ಆದರೂ ಎದ್ದು ನಿಂತಿರುವವರು ಮಂತ್ರಿಗಳೊಬ್ಬರೇ. ವಿಷಯವನ್ನು ತಾವಾಗಿ ಬಲ್ಲವರು ಯಾರು, ಓದಿ ಒಪ್ಪಿಸುವವರು ಯಾರು ಎಂಬುದು ಆಗ ಬಯಲಾಗುತ್ತದೆ. ಹೀಗೆ ಕೆದಕಿ ಕೇಳುವುದರಿಂದಲೇ ಆ ಒಂದು ಗಂಟೆಯಲ್ಲಿ ೨೦ ಪ್ರಶ್ನೆಗಳು ಮುಗಿಯುವುದು ಅಪರೂಪ. ಐದಾರು ಮುಗಿದರೆ ಅದೇ ಸಾಮಾನ್ಯ ಲೆಕ್ಕ.

ಪ್ರಶ್ನೆಯ ಪರಿಣಾಮ ಸಭೆಯಲ್ಲಿ ಕಾಣುವುದಕ್ಕಿಂತ ಮೊದಲು ಕಚೇರಿಯಲ್ಲಿ ಕಾಣುತ್ತದೆಂಬುದನ್ನೂ ಹೇಳಬೇಕು. ಎಲ್ಲಿಯೋ ಒಂದು ರೈಲ್ವೆ ನಿಲ್ದಾಣದಲ್ಲಿ ಮೇಲುಸೇತುವೆಯಿಲ್ಲ, ಒಂದು ತಾಲ್ಲೂಕಿನಲ್ಲಿ ವೃದ್ಧರ ಪಿಂಚಣಿ ನಿಂತುಹೋಗಿದೆ ಎಂಬ ಪ್ರಶ್ನೆ ಬಂದಿತೆಂದು ಇಟ್ಟುಕೊಳ್ಳೋಣ. ತಿಂಗಳುಗಟ್ಟಲೆ ಧೂಳು ಹಿಡಿದು ಬಿದ್ದಿದ್ದ ಕಡತ ಆ ದಿನ ಮೇಲಕ್ಕೆ ಬರುತ್ತದೆ. ಗುಮಾಸ್ತರಿಂದ ಕಾರ್ಯದರ್ಶಿಗಳವರೆಗೆ ಎಲ್ಲರೂ ಅದನ್ನು ಓದಬೇಕಾಗುತ್ತದೆ. ಉತ್ತರ ಹೇಳುವುದಕ್ಕಿಂತ ಮೊದಲು ಕೆಲಸವನ್ನೇ ಮಾಡಿಬಿಡುವುದು ಲೇಸೆಂದು ಕೆಲವು ವೇಳೆ ತೋರುವುದೂ ಉಂಟು. ‘ಪರಿಶೀಲಿಸುತ್ತೇವೆ’ ಎಂದು ಹೇಳಿ ಮಂತ್ರಿಗಳು ಪಾರಾದರೂ ಆ ಮಾತು ಗಾಳಿಗೆ ಹೋಗುವುದಿಲ್ಲ. ಕೊಟ್ಟ ಭರವಸೆಗಳು ನೆರವೇರಿದುವೆ ಎಂದು ನೋಡುವುದಕ್ಕೆ ೧೯೫೩ರಿಂದ ಲೋಕಸಭೆಯಲ್ಲಿ ಒಂದು ಸಮಿತಿಯಿದೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಭರವಸೆಯನ್ನು ಸಲ್ಲಿಸಬೇಕು.

ಈ ಹಕ್ಕು ಸುಲಭವಾಗಿ ಬಂದುದಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ದಾಖಲೆಯಾಗಿರುವ ಮೊಟ್ಟಮೊದಲ ಪ್ರಶ್ನೆ ೧೭೨೧ರದು. ಸೌತ್ ಸೀ ಕಂಪೆನಿ ಮುಳುಗಿ ಸಾವಿರಾರು ಸಂಸಾರಗಳು ಹಾಳಾಗಿದ್ದ ಕಾಲ ಅದು. ಕಂಪೆನಿಯ ಮುಖ್ಯ ಖಜಾಂಚಿ ದೇಶ ಬಿಟ್ಟು ಓಡಿಹೋಗಿದ್ದನು; ಅವನು ಸೆರೆಸಿಕ್ಕಿರುವನೆಂಬ ಸುದ್ದಿ ನಿಜವೆ ಎಂದು ಅರ್ಲ್ ಕೌಪರ್ ಎಂಬವರು ಪ್ರಭುಗಳ ಸಭೆಯಲ್ಲಿ ಕೇಳಿದರು. ನಮ್ಮ ದೇಶದಲ್ಲಿ ಶಾಸನಸಭೆಯ ಸದಸ್ಯರಿಗೆ ಪ್ರಶ್ನೆ ಹಾಕುವ ಅಧಿಕಾರ ಬಂದದ್ದು ೧೮೯೨ರ ಕಾಯಿದೆಯಿಂದ. ಆಗ ಉಪಪ್ರಶ್ನೆಗೆ ಅವಕಾಶವಿರಲಿಲ್ಲ. ಮೊದಲು ಕೇಳಿದವರೇ ಉಪಪ್ರಶ್ನೆಯನ್ನೂ ಹಾಕಬಹುದೆಂದು ಅನುಮತಿ ದೊರೆತದ್ದು ೧೯೦೯ರ ಸುಧಾರಣೆಯಲ್ಲಿ.

ಮೈಸೂರಿನವರಾದ ನಮಗೆ ಇಲ್ಲಿ ಒಂದು ಮನೆಯ ನೆನಪೂ ಇದೆ. ೧೮೮೧ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ೧೪೪ ಮಂದಿಯನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದರು. ದಿವಾನರು ಹಿಂದಿನ ವರ್ಷದ ಆಡಳಿತದ ವರದಿಯನ್ನು ಓದುವುದು, ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಒಪ್ಪಿಸುವುದು, ಇದು ಅಲ್ಲಿಯ ಕ್ರಮ. ಕೆರೆಯ ಕಟ್ಟೆ, ರಸ್ತೆ, ಶಾಲೆ ಎಂದು ಜನರ ದಿನದಿನದ ಕಷ್ಟ ಅಧಿಕಾರದ ಕಿವಿಗೆ ನೇರವಾಗಿ ಬೀಳುವಂತಾಯಿತು. ಅದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಭೆಯ ಮತದಿಂದ ದಿವಾನರು ಅಧಿಕಾರದಿಂದ ಇಳಿಯಬೇಕಾಗಿರಲಿಲ್ಲ. ಅಲ್ಲಿ ಅರಿಕೆಯಿತ್ತು, ಜವಾಬಿನ ಬಂಧನವಿರಲಿಲ್ಲ. ಮಂತ್ರಿಮಂಡಲವು ಒಟ್ಟಾಗಿ ಲೋಕಸಭೆಗೆ ಹೊಣೆಯೆಂದು ನಮ್ಮ ರಾಜ್ಯಾಂಗದ ೭೫ನೆಯ ವಿಧಿ ಹೇಳುತ್ತದೆ. ಅರಿಕೆಗೂ ಪ್ರಶ್ನೆಗೂ ಇರುವ ಅಂತರ ಆ ಒಂದು ವಿಧಿಯಲ್ಲಿದೆ.

ಇನ್ನು ಮೊದಲೇ ಸೂಚಿಸಿದ ಪ್ರಸಂಗಕ್ಕೆ ಬರೋಣ. ೧೯೫೬ರಲ್ಲಿ ಸರ್ಕಾರವು ಜೀವವಿಮೆಯ ವ್ಯಾಪಾರವನ್ನು ರಾಷ್ಟ್ರದ ವಶಕ್ಕೆ ತೆಗೆದುಕೊಂಡಿತು. ದೇಶದಲ್ಲಿದ್ದ ೨೪೫ ವಿಮಾ ಸಂಸ್ಥೆಗಳ ವ್ಯವಹಾರ ಸೇರಿ ಆ ವರ್ಷದ ಸೆಪ್ಟೆಂಬರ್ ೧ರಂದು ಜೀವವಿಮಾ ನಿಗಮ ಸ್ಥಾಪಿತವಾಯಿತು. ಶಾಲೆಯ ಉಪಾಧ್ಯಾಯರು, ಅಂಚೆಯ ಗುಮಾಸ್ತರು, ಸಣ್ಣ ವರ್ತಕರು, ಇಂಥ ಲಕ್ಷಾಂತರ ಜನ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಹಣ ಅದರ ಬೊಕ್ಕಸದಲ್ಲಿತ್ತು. ಮರುವರ್ಷ, ೧೯೫೭ರ ಜೂನಿನಲ್ಲಿ, ನಿಗಮವು ಹರಿದಾಸ್ ಮುಂಧ್ರಾ ಎಂಬ ವರ್ತಕರ ಹಿಡಿತದಲ್ಲಿದ್ದ ಆರು ಕಂಪೆನಿಗಳ ಷೇರುಗಳನ್ನು ಸುಮಾರು ಒಂದು ಕೋಟಿ ೨೪ ಲಕ್ಷ ರೂಪಾಯಿಗಳಿಗೆ ಕೊಂಡಿತು. ಹಣ ಹೂಡುವ ವಿಷಯದಲ್ಲಿ ಸಲಹೆ ಕೊಡುವುದಕ್ಕೆಂದೇ ಇದ್ದ ನಿಗಮದ ಸಮಿತಿಯನ್ನು ಮುಂಚಿತವಾಗಿ ಕೇಳಲಿಲ್ಲ.

ಆ ವರ್ಷದ ಸೆಪ್ಟೆಂಬರಿನಲ್ಲಿ ಡಾಕ್ಟರ್ ರಾಮ್ ಸುಭಗ್ ಸಿಂಗ್ ಎಂಬ ಸದಸ್ಯರು ಲೋಕಸಭೆಯಲ್ಲಿ ಒಂದು ಪ್ರಶ್ನೆ ಹಾಕಿದರು. ಕಾನ್ಪುರದ ಒಂದು ಖಾಸಗಿ ಉದ್ಯಮದಲ್ಲಿ ನಿಗಮವು ದೊಡ್ಡ ಮೊತ್ತವನ್ನು ತೊಡಗಿಸಿರುವುದು ನಿಜವೆ ಎಂಬುದು ಅದರ ತಾತ್ಪರ್ಯ. ವಾದವಿಲ್ಲ, ಆರೋಪವಿಲ್ಲ, ನಾವು ಆಗಲೇ ಹೇಳಿದ ಒಣ ವಾಕ್ಯಗಳ ಜಾತಿಗೆ ಸೇರಿದ ಪ್ರಶ್ನೆ. ಬಂದ ಉತ್ತರದಿಂದ ವಿಷಯವೆಲ್ಲ ಹೊರಬೀಳಲಿಲ್ಲ. ಆದರೆ ಕೇಳಿದವರು ಬಿಡಲಿಲ್ಲ. ಮುಂದಿನ ಅಧಿವೇಶನದಲ್ಲಿ ಮತ್ತೆ ಪ್ರಶ್ನೆ, ಅದರ ಮೇಲೆ ಉಪಪ್ರಶ್ನೆ. ಡಿಸೆಂಬರ್ ೧೬ರಂದು ಆ ವಿಷಯ ಸಭೆಯಲ್ಲಿ ಚರ್ಚೆಗೆ ಬಂದಿತು.

ಆ ದಿನ ಮುಖ್ಯವಾಗಿ ಮಾತನಾಡಿದವರು ಫಿರೋಜ್ ಗಾಂಧಿಯವರು. ಅವರು ಆಳುವ ಪಕ್ಷಕ್ಕೇ ಸೇರಿದ ಸದಸ್ಯರು. ಪ್ರಧಾನಮಂತ್ರಿ ನೆಹರೂ ಅವರ ಅಳಿಯಂದಿರು. ಯಾವ ದಿನ ಎಷ್ಟು ಷೇರು ಕೊಂಡರು, ಆ ದಿನ ಪೇಟೆಯ ಧಾರಣೆ ಎಷ್ಟಿತ್ತು, ನಿಗಮ ಕೊಟ್ಟ ಬೆಲೆ ಎಷ್ಟು ಎಂಬುದನ್ನು ಅವರು ಒಂದೊಂದಾಗಿ ಸಭೆಯ ಮುಂದಿಟ್ಟರು. ಪಾರ್ಲಿಮೆಂಟು ತಾನೇ ಹುಟ್ಟಿಸಿದ ಸಂಸ್ಥೆಯ ಮೇಲೆ ತಾನೇ ಕಣ್ಣಿಡದಿದ್ದರೆ ಮತ್ತಾರು ಇಡುವರು ಎಂಬುದು ಅವರ ವಾದದ ತಿರುಳು. ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಉತ್ತರ ಹೇಳಿದರು. ಕೊನೆಗೆ ಸರ್ಕಾರವು ವಿಚಾರಣೆಗೆ ಒಪ್ಪಿತು.

೧೯೫೮ರ ಜನವರಿಯಲ್ಲಿ ಮುಂಬಯಿಯ ಮುಖ್ಯ ನ್ಯಾಯಾಧೀಶರಾದ ಎಂ. ಸಿ. ಛಾಗ್ಲಾ ಅವರೊಬ್ಬರದೇ ಒಂದು ಆಯೋಗ ನೇಮಕವಾಯಿತು. ವಿಚಾರಣೆ ಬಹಿರಂಗವಾಗಿ ನಡೆಯಿತು. ತಿಂಗಳೊಂದು ತುಂಬುವ ಹೊತ್ತಿಗೆ, ಫೆಬ್ರವರಿಯಲ್ಲಿ, ವರದಿ ಸಿದ್ಧವಾಯಿತು. ಈ ವ್ಯವಹಾರಕ್ಕೆ ತಾವು ಅನುಮತಿ ಕೊಟ್ಟಿರಲಿಲ್ಲವೆಂಬುದು ಮಂತ್ರಿಗಳ ನಿಲವಾಗಿತ್ತು. ಅಧಿಕಾರಿ ಮಾಡಿದ ಕಾರ್ಯಕ್ಕೆ ರಾಜ್ಯಾಂಗರೀತಿಯಿಂದ ಮಂತ್ರಿಯೇ ಹೊಣೆ. ಕೈಕೆಳಗಿನವರ ಮರೆಯಲ್ಲಿ ಮಂತ್ರಿ ನಿಲ್ಲಲಾಗದು ಎಂದು ಛಾಗ್ಲಾ ಅವರು ತೀರ್ಮಾನಿಸಿದರು. ಇಂಥ ವಿಷಯಗಳಲ್ಲಿ ಪಾರ್ಲಿಮೆಂಟನ್ನು ಆದಷ್ಟು ಬೇಗ ವಿಶ್ವಾಸಕ್ಕೆ ತೆಗೆದುಕೊಂಡು ಸಂಗತಿಗಳೆಲ್ಲವನ್ನೂ ಅದರ ಮುಂದಿರಿಸುವುದು ಮಂತ್ರಿಗಳ ಕರ್ತವ್ಯವೆಂದೂ ಅವರು ಹೇಳಿದರು. ಅದೇ ತಿಂಗಳು ಅರ್ಥಮಂತ್ರಿಗಳು ರಾಜೀನಾಮೆ ಕೊಟ್ಟರು.

ಒಬ್ಬ ಮಂತ್ರಿಗಳು ಸ್ಥಾನ ಬಿಟ್ಟರೆಂಬುದಕ್ಕಾಗಿ ಈ ಕಥೆಯನ್ನು ನಾವು ಹೇಳಲಿಲ್ಲ. ಕೃಷ್ಣಮಾಚಾರಿಯವರು ಸಮರ್ಥರೆಂದು ಹೆಸರಾದವರು. ಕೆಲವು ವರ್ಷಗಳ ಬಳಿಕ ಮತ್ತೆ ಮಂತ್ರಿಮಂಡಲಕ್ಕೆ ಬಂದು ೧೯೬೩ರಲ್ಲಿ ಪುನಃ ಅರ್ಥಮಂತ್ರಿಗಳೂ ಆದರು. ನಾವು ಗಮನಿಸಬೇಕಾದುದು ಬೇರೆ. ಆಗ ಆಳುವ ಪಕ್ಷಕ್ಕೆ ಸಭೆಯಲ್ಲಿ ಭಾರಿಯಾದ ಬಹುಮತವಿತ್ತು. ಮತ ಎಣಿಸಿದ್ದರೆ ಮಂತ್ರಿಗಳಿಗೆ ಯಾವ ಭಯವೂ ಇರಲಿಲ್ಲ. ಪ್ರಶ್ನೆಗೆ ಸಂಖ್ಯಾಬಲ ಬೇಕಿಲ್ಲ. ಒಬ್ಬನೇ ಕೇಳಿದರೂ ಸರ್ಕಾರವೆಲ್ಲ ಉತ್ತರ ಹೇಳಬೇಕು. ಮಸೂದೆಗಳ ಮೇಲಿನ ಚರ್ಚೆಯಲ್ಲಿ ಬಹುಮತವೇ ಗೆಲ್ಲುತ್ತದೆ. ಪ್ರಶ್ನೆಯ ಗಂಟೆಯಲ್ಲಿ ಸಂಗತಿ ಗೆಲ್ಲುವ ಸಂಭವವಿದೆ. ಅದರ ಹಿರಿಮೆ ಅದು.

ಹನ್ನೆರಡು ಹೊಡೆದ ಮೇಲೆ ಸಭೆಯ ಮಿಕ್ಕ ಕಲಾಪಗಳು ಮೊದಲಾಗುತ್ತವೆ. ವರದಿಗಳನ್ನು ಮೇಜಿನ ಮೇಲಿಡುವುದು. ತುರ್ತಾದ ವಿಷಯಗಳನ್ನು ಸದಸ್ಯರು ಎತ್ತುವ ‘ಶೂನ್ಯವೇಳೆ’. ಸಭೆಯ ನಿಯಮಾವಳಿಯಲ್ಲಿ ಈ ಹೆಸರೇ ಇಲ್ಲ; ಅದು ರೂಢಿಯಿಂದ ಬೆಳೆದುದು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಊಟದ ವಿರಾಮ. ಬಳಿಕ ಮಸೂದೆಗಳ ಚರ್ಚೆ, ಆಯವ್ಯಯದ ಕಾಲದಲ್ಲಾದರೆ ಇಲಾಖೆಗಳ ಬೇಡಿಕೆಗಳ ಚರ್ಚೆ, ಸಂಜೆ ಆರರ ಸುಮಾರಿಗೆ ಮುಕ್ತಾಯ. ಬೆಳಗಿನ ಉತ್ತರ ತೃಪ್ತಿಕರವಲ್ಲವೆಂದು ತೋರಿದರೆ ವಾರದ ಗೊತ್ತಾದ ದಿನಗಳಲ್ಲಿ ಸಂಜೆಯ ಕಡೆಯ ಅರ್ಧ ಗಂಟೆಯಲ್ಲಿ ಅದನ್ನು ಮತ್ತೆ ಚರ್ಚಿಸುವ ಏರ್ಪಾಡೂ ಉಂಟು. ಹೀಗೆ ಬೆಳಿಗ್ಗೆ ಬಿತ್ತಿದುದು ಸಂಜೆಗೆ ಮೊಳೆಯಬಹುದು.

ಶುಕ್ರವಾರದ ಅಪರಾಹ್ಣ ಮಂತ್ರಿಗಳಲ್ಲದ ಸದಸ್ಯರ ಮಸೂದೆಗಳಿಗೆ ಮೀಸಲು. ಹೀಗೆ ಖಾಸಗಿ ಸದಸ್ಯರು ತಂದು ಶಾಸನವಾದ ಮಸೂದೆಗಳು ಸ್ವಾತಂತ್ರ್ಯ ಬಂದಂದಿನಿಂದ ೧೪ ಮಾತ್ರ. ಅವುಗಳಲ್ಲಿ ಒಂದು ಇದೇ ಫಿರೋಜ್ ಗಾಂಧಿಯವರದು. ಪಾರ್ಲಿಮೆಂಟಿನಲ್ಲಿ ನಡೆದುದನ್ನು ಸತ್ಯಕ್ಕೆ ದೂರವಾಗದಂತೆ, ದುರುದ್ದೇಶವಿಲ್ಲದೆ ಪ್ರಕಟಿಸಿದ ಪತ್ರಿಕೆಯ ಮೇಲೆ ಮೊಕದ್ದಮೆ ಹೂಡಲಾಗದೆಂಬ ರಕ್ಷಣೆಯನ್ನು ೧೯೫೬ರ ಆ ಶಾಸನ ಕೊಟ್ಟಿತು. ರೇಡಿಯೋವಿನ ಮೂಲಕ ಬಿತ್ತರಿಸುವ ವರದಿಗೂ ಅದೇ ರಕ್ಷಣೆಯೆಂದು ಅದರಲ್ಲಿಯೇ ಹೇಳಿತ್ತು. ಸಭೆಯ ಒಳಗೆ ಕೇಳಿದ ಪ್ರಶ್ನೆ ಹೊರಗಿನವರ ಕಿವಿಗೆ ಬೀಳದಿದ್ದರೆ ಕೇಳಿಯೂ ಫಲವೇನು? ಮುಂಧ್ರಾ ಪ್ರಸಂಗವನ್ನು ಪತ್ರಿಕೆಗಳು ನಿರ್ಭಯವಾಗಿ ಅಚ್ಚು ಮಾಡಲು ಈ ಶಾಸನವೂ ಆಸರೆಯಾಯಿತೆಂದು ಹೇಳಬಹುದು.

ಈ ಆಸರೆ ಎಷ್ಟು ಸುಲಭವಾಗಿ ಕುಸಿಯಬಲ್ಲುದೆಂಬುದನ್ನೂ ನಾವು ಕಂಡಿದ್ದೇವೆ. ತುರ್ತುಪರಿಸ್ಥಿತಿಯನ್ನು ಸಾರಿದ ಮೇಲೆ ೧೯೭೫ರ ಜುಲೈನಲ್ಲಿ ಪಾರ್ಲಿಮೆಂಟು ಸೇರಿದಾಗ ಪ್ರಶ್ನೆಗಳ ಗಂಟೆಯನ್ನೇ ಕೈಬಿಟ್ಟರು. ಅದೇ ಕಾಲದಲ್ಲಿ ೧೯೫೬ರ ಆ ಶಾಸನವೂ ರದ್ದಾಯಿತು. ಪ್ರಶ್ನೆ ಹೋದ ಹಿಂದೆಯೇ ಅದನ್ನು ಕೇಳಿಸುವ ಸಾಧನವೂ ಹೋಯಿತು. ೧೯೭೭ರಲ್ಲಿ ಶಾಸನ ಮರಳಿ ಬಂದಿತು. ಮರುವರ್ಷ ಅದರ ಸಾರವನ್ನು ರಾಜ್ಯಾಂಗದಲ್ಲಿಯೇ ಸೇರಿಸಿದರು. ೨೦೨೦ರ ಮಳೆಗಾಲದ ಅಧಿವೇಶನದಲ್ಲಿ, ಸಾಂಕ್ರಾಮಿಕ ರೋಗದ ಕಾರಣದಿಂದ, ಬಾಯಿಮಾತಿನ ಪ್ರಶ್ನೆಗಳನ್ನು ಬಿಟ್ಟು ಬರವಣಿಗೆಯ ಉತ್ತರಗಳನ್ನಷ್ಟೇ ಉಳಿಸಿಕೊಂಡರು. ಬರವಣಿಗೆಯ ಉತ್ತರಕ್ಕೆ ಉಪಪ್ರಶ್ನೆಯಿಲ್ಲವೆಂಬುದನ್ನು ಮರೆಯಬಾರದು.

ಕೇಳುವವರ ಕಡೆಯಿಂದಲೂ ಈ ಹಕ್ಕಿಗೆ ಕುಂದು ಬಂದುದುಂಟು. ಹಣ ಪಡೆದು ಪ್ರಶ್ನೆ ಹಾಕಲು ಒಪ್ಪಿದರೆಂಬ ಕಾರಣದಿಂದ ೨೦೦೫ರ ಡಿಸೆಂಬರಿನಲ್ಲಿ ಹನ್ನೊಂದು ಮಂದಿಯನ್ನು, ಲೋಕಸಭೆಯಿಂದ ಹತ್ತು ಮತ್ತು ರಾಜ್ಯಸಭೆಯಿಂದ ಒಬ್ಬರನ್ನು, ಪಾರ್ಲಿಮೆಂಟಿನಿಂದ ಹೊರಹಾಕಿದರು. ತನ್ನ ಸರದಿ ಬಂದಾಗ ಸಭೆಯಲ್ಲಿಯೇ ಇಲ್ಲದ ಸದಸ್ಯರಿಂದಲೂ ಪ್ರಶ್ನೆ ನಷ್ಟವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಗದ್ದಲದಲ್ಲಿ ಆ ಒಂದು ಗಂಟೆ ಕೊಚ್ಚಿಹೋಗುತ್ತದೆ. ಸದಸ್ಯರು ಪೀಠದ ಮುಂದಕ್ಕೆ ನುಗ್ಗಿ ಕೂಗುತ್ತಾರೆ. ಅಧ್ಯಕ್ಷರು ಸಭೆಯನ್ನು ಹನ್ನೆರಡರವರೆಗೆ ಮುಂದೂಡುತ್ತಾರೆ. ವಿರೋಧಪಕ್ಷಕ್ಕೆ ಪ್ರತಿಭಟನೆಯ ತೃಪ್ತಿ ದೊರೆಯಬಹುದು. ಆದರೆ ಉಪಪ್ರಶ್ನೆಯಿಂದ ತಪ್ಪಿಸಿಕೊಂಡ ಮಂತ್ರಿಗಳಿಗೆ ಅದಕ್ಕಿಂತ ಹೆಚ್ಚಿನ ನೆಮ್ಮದಿ. ಆ ದಿನದ ೨೦ ಪ್ರಶ್ನೆಗಳಿಗೂ ಬರವಣಿಗೆಯ ಉತ್ತರ ಬರುತ್ತದೆಯೆಂಬುದು ನಿಜ. ಕೆದಕಿ ಕೇಳುವವರು ಮಾತ್ರ ಇಲ್ಲ.

ಕೊನೆಯದಾಗಿ ನಮ್ಮ ವಿಷಯವಾಗಿಯೇ ಒಂದು ಮಾತು. ೨೦೦೬ರಿಂದ ಲೋಕಸಭೆಯ ಕಲಾಪಗಳು ದೂರದರ್ಶನದ ಪ್ರತ್ಯೇಕ ವಾಹಿನಿಯಲ್ಲಿ ಮನೆಮನೆಗೂ ಬರುತ್ತಿವೆ. ಪ್ರಶ್ನೋತ್ತರಗಳೆಲ್ಲವೂ ಓದಲು ದೊರೆಯುತ್ತವೆ. ಆದರೂ ರಾತ್ರಿಯ ಊಟದ ಹೊತ್ತಿಗೆ ನಮ್ಮ ಬಾಯಲ್ಲಿರುವುದು, ಇಂದು ಯಾರು ಯಾರನ್ನು ಏನೆಂದರು ಎಂಬುದೇ. ನಮ್ಮ ತಾಲ್ಲೂಕಿನ ಆಸ್ಪತ್ರೆಯ ವಿಷಯವಾಗಿ ನಮ್ಮ ಪ್ರತಿನಿಧಿ ಎಂದಾದರೂ ಕೇಳಿದರೆ? ಕೇಳಿದ್ದರೆ ಬಂದ ಉತ್ತರವೇನು? ಆ ಉತ್ತರ ನಡೆಯಿತೆ? ಇವನ್ನು ವಿಚಾರಿಸುವವರು ನಮ್ಮಲ್ಲಿ ಎಷ್ಟು ಮಂದಿ? ಕೂಗಿಗೆ ಕಿವಿಗೊಡುವ ಜನಕ್ಕೆ ಕೂಗುವ ಪ್ರತಿನಿಧಿಗಳೇ ದೊರೆಯುವುದು ಸಹಜ.

ಜವಾಬ್ದಾರಿ ಸರ್ಕಾರ ಬೇಕೆಂದು ಹಿಂದಿನ ತಲೆಮಾರಿನವರು ಕೇಳಿ ಪಡೆದರು. ಸರ್ಕಾರದಿಂದ ಜವಾಬು ತೆಗೆಯಬೇಕಾದವರು ನಮ್ಮ ಪ್ರತಿನಿಧಿಗಳು. ಪ್ರತಿನಿಧಿಗಳಿಂದ ಜವಾಬು ತೆಗೆಯಬೇಕಾದವರು ನಾವು. ನಮ್ಮ ಪ್ರಶ್ನೆಗೆ ಹದಿನೈದು ದಿನಗಳ ಮುನ್ಸೂಚನೆ ಬೇಕಾಗಿಲ್ಲ, ನಕ್ಷತ್ರದ ಗುರುತೂ ಬೇಕಾಗಿಲ್ಲ. ಒಂದು ಕಾಗದ ಬರೆದರೆ ಸಾಕು. ತಮ್ಮ ಪ್ರತಿನಿಧಿ ಕಳೆದ ಅಧಿವೇಶನದಲ್ಲಿ ಏನು ಕೇಳಿದರೆಂದು ಶ್ರೋತೃಗಳಲ್ಲಿ ಒಬ್ಬರಾದರೂ ಈ ವಾರ ವಿಚಾರಿಸಿದರೆ, ಈ ಸಂಜೆ ನಾವಾಡಿದ ಮಾತು ಸಾರ್ಥಕವಾಯಿತೆಂದು ತಿಳಿಯುತ್ತೇವೆ.